ಪದಚರ್ಚೆ: ‘ಹೇರ್‌ಕಟ್’ ಅಂದರೆ ಕ್ಷೌರವೇ?

ನಮಸ್ಕಾರ. ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಜೀನಕಾಪ್ಲೋಸ್ 2009ರಲ್ಲಿ ಮಾಡಿದ ಹಣಕಾಸು ಸಿದ್ಧಾಂತದ 26 ಪಾಠಗಳಿಗೆ ಕನ್ನಡ ಅಡಿಬರಹ ಬರೆಯಬೇಕಿದೆ. ಕೊಲ್ಯಾಟರಲ್‌ಗೆ (ಸಾಲಕ್ಕೆ ಭದ್ರತೆಯಾಗಿ ಇಡುವ ವಸ್ತು) ‘ಜಾಮೀನು’, ಹೇರ್‌ಕಟ್‌ಗೆ (ಆ ವಸ್ತುವಿನ ಬೆಲೆಯಲ್ಲಿ ಸಾಲ ಕೊಡದೆ ಹಿಡಿದಿಡುವ ಪಾಲು) ‘ಕ್ಷೌರ’, ಲಿವರೇಜ್‌ಗೆ (ಸಾಲ ಸೇರಿಸಿ ಕೊಂಡ ಆಸ್ತಿ ಸ್ವಂತ ಹಣದ ಎಷ್ಟು ಪಟ್ಟು ಎಂಬುದು) ‘ಸನ್ನೆಬಲ’ ಎಂದು ಹಾಕಿದರೆ ನಡೆದೀತೇ?

*

ಜಾಮೀನು ಬೇಡ. ಜಾಮೀನು ನಿಲ್ಲುವುದು ಮನುಷ್ಯ. ಸಾಲಗಾರ ಕೈಯೆತ್ತಿದರೆ ಅವನ ಕೊರಳಿಗೆ ಬರುತ್ತದೆ. ಇಲ್ಲಿರುವುದು ವಸ್ತು. ಒಡವೆ ಕೈಗೆ ಕೊಟ್ಟರೆ ಗಿರವಿ, ಮನೆಯ ಪತ್ರದ ಮೇಲೆ ತಂದರೆ ಅಡಮಾನ, ಮನೆಯನ್ನೇ ಬಿಟ್ಟುಕೊಟ್ಟು ಬಡ್ಡಿಗೆ ಬಾಡಿಗೆ ವಜಾ ಆದರೆ ಭೋಗ್ಯ. ಎಲ್ಲಕ್ಕೂ ಹೊಂದುವ ಮಾತು ‘ಒತ್ತೆ’. ‘ಒತ್ತೆಯಾಳು’ ನೆನಪಾದರೂ ಅಡ್ಡಿಯಿಲ್ಲ. ಷೇಕ್ಸ್‌ಪಿಯರ್‌ನ ‘ವೆನಿಸ್ಸಿನ ವರ್ತಕ’ ನಾಟಕದ ಲೇವಾದೇವಿಗಾರ ಶೈಲಾಕ್‌ನ ಕಥೆ ಇಟ್ಟುಕೊಂಡೇ ಜೀನಕಾಪ್ಲೋಸ್ ಅವರ ಒಂದು ಪಾಠವಿದೆ. 3000 ಡುಕಾಟ್ ಸಾಲ, ಬಡ್ಡಿಯಿಲ್ಲ, ತಪ್ಪಿದರೆ ಒಂದು ಪೌಂಡ್ ಮಾಂಸ. ಅಲ್ಲಿ ಬರೆದುಕೊಟ್ಟ ಕಾಗದಕ್ಕೆ ಮಾತ್ರ ‘ಬಾಂಡ್’ ಬೇಡ, ‘ಮುಚ್ಚಳಿಕೆ’ ಎನ್ನಿ.

‘ಕ್ಷೌರ’ ಅಂತೂ ಅಪಾಯ. ‘ತಲೆ ಬೋಳಿಸಿದರು’ ಎಂದರೆ ನಮ್ಮಲ್ಲಿ ಟೋಪಿ ಹಾಕಿದರೆಂದೇ ಅರ್ಥ, ಸಾಲ ಕೊಡುವವನ ಎಚ್ಚರಿಕೆ ಮೋಸವಾಗಿಬಿಡುತ್ತದೆ! 100 ರೂಪಾಯಿಯ ಒತ್ತೆಗೆ 80 ಸಾಲ ಕೊಟ್ಟರೆ ಹೇರ್‌ಕಟ್ ಶೇ 20. ಬ್ಯಾಂಕಿನಲ್ಲಿ ಇದಕ್ಕೆ ‘ಮಾರ್ಜಿನ್’ ಎನ್ನುತ್ತಾರೆ, ಅದನ್ನೇ ಉಳಿಸಿ. ಆದರೆ ದಿವಾಳಿ ಪ್ರಕರಣಗಳ ಸುದ್ದಿಯಲ್ಲಿ ಬರುವ ಹೇರ್‌ಕಟ್ ಬೇರೆ: ಅದು ಸಾಲ ಕೊಟ್ಟವರು ಕೊನೆಗೆ ಬಿಟ್ಟುಕೊಟ್ಟ ಪಾಲು. ಮೊದಲನೆಯದು ಮುಂಚೆಯೇ ಹಿಡಿದಿಟ್ಟದ್ದು, ಇದು ಆಮೇಲೆ ಕಳೆದುಕೊಂಡದ್ದು. ಅಲ್ಲಿ ‘ಮಾರ್ಜಿನ್’ ಹಾಕಿದರೆ ತಪ್ಪು.

‘ಸನ್ನೆಬಲ’ ಕೇಳಲು ಚೆಂದ, ಲೆಕ್ಕಕ್ಕೆ ಒದಗುವುದಿಲ್ಲ. ಆಸ್ತಿ 100, ಸ್ವಂತ ಹಣ 20 ಇದ್ದರೆ ಲಿವರೇಜ್ 5. (ಸಾಲವನ್ನು ಸ್ವಂತ ಹಣದಿಂದ ಭಾಗಿಸಿ 4 ಎಂದು ಬರೆಯುವವರಿದ್ದಾರೆ, ಅದು ಬೇರೆ ಅನುಪಾತ.) ‘ಸ್ವಂತ ಹಣದ ಐದು ಪಟ್ಟು ಆಸ್ತಿ’ ಎಂದು ಬಿಡಿಸಿ ಬರೆಯುವುದೇ ವಾಸಿ.

ಎಡವುವುದು ಕೊನೆಯ ಎರಡು ಪಾಠಗಳಲ್ಲಿ. ಬೆಲೆ 100ರಿಂದ 90ಕ್ಕೆ ಇಳಿದರೆ ಸಾಲ 80 ಹಾಗೇ ಇರುತ್ತದೆ, ಸ್ವಂತದ್ದು 10ಕ್ಕೆ ಇಳಿಯುತ್ತದೆ; ಪಟ್ಟು 5ರಿಂದ 9ಕ್ಕೆ ಏರುತ್ತದೆ. ಅದೇ ಹೊತ್ತಿಗೆ ಹೆದರಿದ ಸಾಲ ಕೊಡುವವರು ಮಾರ್ಜಿನ್ ಶೇ 40 ಮಾಡಿದರೆ (100ರ ಆಸ್ತಿಗೆ ಸ್ವಂತದ್ದು 40) ಹೊಸ ಸಾಲದ ಪಟ್ಟು 2.5ಕ್ಕೆ ಕುಸಿಯುತ್ತದೆ. ಎರಡನ್ನೂ ‘ಲಿವರೇಜ್’ ಎಂದಷ್ಟೇ ಬರೆದರೆ ಓದುಗನಿಗೆ ಏರಿತೋ ಇಳಿಯಿತೋ ತಿಳಿಯದು. ‘ಹಳೆ ಸಾಲದ ಪಟ್ಟು’, ‘ಹೊಸ ಸಾಲದ ಪಟ್ಟು’ ಎಂದು ಬೇರ್ಪಡಿಸಿ.

*

ಉಪಕಾರವಾಯಿತು. ‘ಮಾರ್ಜಿನ್ ಕಾಲ್’ಗೆ ‘ಮಾರ್ಜಿನ್ ಕರೆ’ ಸಾಕೇ?

*

ಕರೆ ಎಂದರೆ ಫೋನು ಬಂತು ಅಂದುಕೊಳ್ಳುತ್ತಾರೆ. ಮೇಲಿನ ಲೆಕ್ಕವನ್ನೇ ಮುಂದುವರಿಸಿ: ಹಳೆ ಸಾಲಕ್ಕೂ ಶೇ 40 ಅನ್ವಯಿಸಿದರೆ 90ರ ಒತ್ತೆಗೆ 54 ಮಾತ್ರ ಸಿಗುತ್ತದೆ, ಉಳಿದ 26 ಕೂಡಲೇ ಕಟ್ಟಬೇಕು. ಕಟ್ಟಲಾಗದಿದ್ದರೆ ಒತ್ತೆಯ ಮಾಲು ಮಾರಾಟಕ್ಕೆ. ಹೀಗೆ ಕೂಡಲೇ ಕಟ್ಟೆಂದು ಕೇಳುವುದಕ್ಕೆ ‘ಮಾರ್ಜಿನ್ ತಗಾದೆ’ ಎನ್ನಿ.