ಖಾಸಗಿ ವಿಶ್ವವಿದ್ಯಾಲಯದಿಂದ ಸುತ್ತಲಿನ ಉದ್ದಿಮೆಗೆ ನಿಜವಾಗಿ ದಕ್ಕುವುದೇನು?

ಪ್ರಶ್ನೆ:
ಖಾಸಗಿ ವಿಶ್ವವಿದ್ಯಾಲಯ ಬಂದ ಪ್ರದೇಶ ಆರ್ಥಿಕವಾಗಿ ಬೆಳೆಯುತ್ತದೆ ಎನ್ನುತ್ತಾರೆ. ವಿದ್ಯಾರ್ಥಿಗಳ ವಸತಿ, ಊಟ, ಓಡಾಟಗಳಿಂದ ಹಣ ಚಲಾವಣೆಯಾಗುವುದು ನಿಜ, ಆದರೆ ದೊಡ್ಡ ಕಾರ್ಖಾನೆ ಬಂದರೂ ಅಷ್ಟು ಆಗುತ್ತದೆ. ಹೊಸ ಉದ್ದಿಮೆಗಳ ಹುಟ್ಟಿನಲ್ಲಿ ಇಂಥ ಸಂಸ್ಥೆಯ ಪಾಲನ್ನು ಯಾವುದರಿಂದ ಅಳೆಯಬೇಕು? ಪೇಟೆಂಟ್‌ಗಳ ಸಂಖ್ಯೆಯಿಂದಲೇ?

ಉತ್ತರ 1:
ಪೇಟೆಂಟ್‌ಗಳನ್ನು ಎಣಿಸಿದರೆ ಹೆಚ್ಚೇನೂ ತಿಳಿಯದು. ಉದಾಹರಣೆಗೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಖಾಸಗಿ ಸಂಸ್ಥೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಮೀನನ್ನು ಮಾರಕೂಡದೆಂದು ಸ್ಥಾಪಕರು ದಾನಪತ್ರದಲ್ಲೇ ಬರೆದಿಟ್ಟಿದ್ದರಿಂದ, ಆದಾಯ ಬೇಕಾದಾಗ ಅದನ್ನು ದೀರ್ಘಾವಧಿ ಗುತ್ತಿಗೆಗೆ ಕೊಡುವುದೇ ದಾರಿಯಾಯಿತು. 1951ರಲ್ಲಿ ಆರಂಭವಾದ ಅಲ್ಲಿನ ಕೈಗಾರಿಕಾ ಪಾರ್ಕ್‌ಗೆ ವೇರಿಯನ್, ಹ್ಯೂಲೆಟ್-ಪ್ಯಾಕರ್ಡ್‌ನಂಥ ಎಲೆಕ್ಟ್ರಾನಿಕ್ಸ್ ಕಂಪನಿಗಳು ಬಂದದ್ದು ಹೀಗೆ. 1939ರಲ್ಲಿ ಕಂಪನಿ ಕಟ್ಟಿದ ಹ್ಯೂಲೆಟ್ ಮತ್ತು ಪ್ಯಾಕರ್ಡ್ ಅವರನ್ನು ಹುರಿದುಂಬಿಸಿದವರು ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಪ್ರಾಧ್ಯಾಪಕರಾಗಿದ್ದ ಫ್ರೆಡರಿಕ್ ಟರ್ಮನ್. ಮುಂದೆ ಸುತ್ತಲಿನ ಕಂಪನಿಗಳ ಎಂಜಿನಿಯರುಗಳು ನೌಕರಿ ಬಿಡದೆಯೇ ಅಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ಏರ್ಪಾಡೂ ಆಯಿತು. ನನ್ನ ದೃಷ್ಟಿಯಲ್ಲಿ ಪೇಟೆಂಟ್‌ಗಿಂತ ಈ ಏರ್ಪಾಡಿನ ಬೆಲೆ ದೊಡ್ಡದು.

ಉತ್ತರ 2:
ಮೇಲಿನವರ ವಿವರಗಳನ್ನು ಒಪ್ಪುತ್ತೇನೆ, ಆದರೆ ಎಲ್ಲ ಶ್ರೇಯಸ್ಸನ್ನೂ ವಿಶ್ವವಿದ್ಯಾಲಯಕ್ಕೆ ಕೊಡಲಾರೆ. ಅಮೆರಿಕದ ಬಾಸ್ಟನ್ ಬಳಿಯ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯೂ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಖಾಸಗಿ ಸಂಸ್ಥೆಯೇ. ಆದರೂ ಅಲ್ಲಿನ ಮಿನಿಕಂಪ್ಯೂಟರ್ (ಮಧ್ಯಮ ಗಾತ್ರದ ಕಂಪ್ಯೂಟರ್) ಉದ್ಯಮ 1980ರ ದಶಕದ ಕೊನೆಗೆ ಕುಸಿಯಿತು, ಸ್ಟ್ಯಾನ್‌ಫರ್ಡ್ ಇರುವ ಕ್ಯಾಲಿಫೋರ್ನಿಯಾ ಮುಂದೆ ಸಾಗಿತು. ನೌಕರಿ ಬಿಟ್ಟವರು ಪ್ರತಿಸ್ಪರ್ಧಿ ಕಂಪನಿ ಸೇರದಂತೆ ಕಟ್ಟಿಹಾಕುವ ಒಪ್ಪಂದಗಳನ್ನು ಕ್ಯಾಲಿಫೋರ್ನಿಯಾದ ಕಾನೂನು ಮಾನ್ಯ ಮಾಡುವುದಿಲ್ಲವೆಂಬುದು ಇದಕ್ಕೆ ಹಲವರು ಕೊಡುವ ಕಾರಣಗಳಲ್ಲಿ ಒಂದು. ಇನ್ನು, ಈ ಎರಡು ಸಂಸ್ಥೆಗಳ ಸಂಶೋಧನೆಯನ್ನೂ ಬಹುಪಾಲು ಸಾಕಿದ್ದು ಸರ್ಕಾರದ, ಅದರಲ್ಲೂ ರಕ್ಷಣಾ ಇಲಾಖೆಯ ಹಣ. ಹಾಗಾಗಿ ‘ಖಾಸಗಿ’ ಎಂಬ ಪದವನ್ನು ಸ್ವಲ್ಪ ಎಚ್ಚರದಿಂದಲೇ ಬಳಸಬೇಕು.

ಉತ್ತರ 3:
ಪೇಟೆಂಟ್ ವಿಚಾರಕ್ಕೆ ಒಂದು ಮಾತು. ಸರ್ಕಾರಿ ಅನುದಾನದಿಂದ ನಡೆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅಮೆರಿಕದ 1980ರ ಬೇ-ಡೋಲ್ ಕಾಯ್ದೆ ಅವಕಾಶ ಕೊಟ್ಟ ಬಳಿಕ ಆ ಸಂಶೋಧನೆಗಳನ್ನು ಬಳಸಲು ಕಂಪನಿಗಳಿಗೆ ಹಣ ಪಡೆದು ಅನುಮತಿ ಕೊಡುವ ಪರವಾನಗಿ ಕಚೇರಿಗಳು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಎಲ್ಲೆಡೆ ತೆರೆದವು. ಗೂಗಲ್‌ಗೆ ಹುಡುಕಾಟದ ತಂತ್ರಜ್ಞಾನದ ಪರವಾನಗಿ ನೀಡಿ ಪಡೆದ ಷೇರುಗಳನ್ನು ಮಾರಿ ಸ್ಟ್ಯಾನ್‌ಫರ್ಡ್ ಸುಮಾರು 33.6 ಕೋಟಿ ಡಾಲರ್ ಗಳಿಸಿದ್ದನ್ನು ಎಲ್ಲರೂ ಹೇಳುತ್ತಾರೆ. ಅನೇಕ ಪರವಾನಗಿ ಕಚೇರಿಗಳು ತಮ್ಮ ಖರ್ಚನ್ನೇ ಹುಟ್ಟಿಸಿಕೊಳ್ಳಲಾರವೆಂಬುದನ್ನು ಹೇಳುವವರು ಕಡಿಮೆ. ಶುಲ್ಕವನ್ನೇ ನಂಬಿದ ಖಾಸಗಿ ಸಂಸ್ಥೆಯಲ್ಲಂತೂ ಅಧ್ಯಾಪಕರ ಸಮಯವೆಲ್ಲ ತರಗತಿಗೇ ಹೋಗುತ್ತದೆ. ಆದ್ದರಿಂದ ನಾನಾದರೆ ಮೊದಲು ಆ ಸಂಸ್ಥೆಯ ಸೇವಾ ನಿಯಮಗಳನ್ನು ಓದುತ್ತೇನೆ: ಹೊರಗಿನ ಉದ್ದಿಮೆಗಳಿಗೆ ಸಲಹೆ ನೀಡಲು ಅಧ್ಯಾಪಕರಿಗೆ ವಾರಕ್ಕೆ ಒಂದು ದಿನವಾದರೂ ಬಿಡುವು ಇದೆಯೇ, ಸ್ಥಳೀಯ ಸಣ್ಣ ಕಾರ್ಖಾನೆಯವರು ಪ್ರಯೋಗಾಲಯದ ಯಂತ್ರಗಳನ್ನು ಬಾಡಿಗೆಗೆ ಬಳಸಬಹುದೇ ಎಂದು.