ಬ್ಲೆಂಡಿಂಗ್ ಮೋಡ್ ಅರ್ಥ ಮಾಡಿಸೋಕೆ ಎಂಥ ಸ್ಯಾಂಪಲ್ ಮಾಡ್ತೀರಿ?

ಡಿಟಿಪಿ (ಕಂಪ್ಯೂಟರಲ್ಲಿ ಪುಟ ವಿನ್ಯಾಸ) ಕಲಿಯೋ ಹುಡುಗ್ರಿಗೆ ಬ್ಲೆಂಡಿಂಗ್ ಮೋಡ್, ಅಂದ್ರೆ ಫೋಟೊ ಎಡಿಟಿಂಗಲ್ಲಿ ಮೇಲಿನ ಲೇಯರ್ (ಪದರ) ಕೆಳಗಿನದ್ರ ಜೊತೆ ಬೆರೆಯೋ ರೀತಿ, ಹೇಳ್ಕೊಡ್ತಿದೀನಿ. ಒಂದೇ ಸೂರ್ಯಾಸ್ತದ ಫೋಟೊ ಮೇಲೆ ಎಲ್ಲಾ ಮೋಡ್ ಹಾಕಿ ತೋರಿಸ್ದೆ, ಚೆನ್ನಾಗಿದೆ ಸರ್ ಅಂದ್ರು, ಮಲ್ಟಿಪ್ಲೈ ಯಾವಾಗ ಸ್ಕ್ರೀನ್ ಯಾವಾಗ ಅಂತ ಕೇಳಿದ್ರೆ ಯಾರೂ ಹೇಳಲಿಲ್ಲ. ನೀವೆಲ್ಲ ಹೇಗ್ ಮಾಡಿದೀರಿ?

*

ಸರ್, ಮೊದ್ಲು ಫೋಟೊ ಬಿಡಿ. ನಾನೂ ಎರಡು ಬ್ಯಾಚ್ ಫೋಟೊ ಇಟ್ಕೊಂಡೇ ಒದ್ದಾಡಿದೀನಿ, ಅದ್ರಲ್ಲಿ ಬಣ್ಣ ಜಾಸ್ತಿ, ಎಲ್ಲಿ ಏನ್ ಬದಲಾಯ್ತು ಅಂತ ಕಣ್ಣಿಗೆ ಸಿಗೋದೇ ಇಲ್ಲ. ಈಗ ಕೆಳಗಿನ ಲೇಯರಲ್ಲಿ ಎಡದಿಂದ ಬಲಕ್ಕೆ ಕಪ್ಪಿಂದ ಬಿಳಿಗೆ ನಿಧಾನ ತಿರುಗೋ ಗ್ರೇಡಿಯಂಟ್, ಮೇಲಿನ ಲೇಯರಲ್ಲಿ ಅಡ್ಡಕ್ಕೆ ಮೂರೇ ಪಟ್ಟಿ: ಕಪ್ಪು, 128ರ ಬೂದು (ಕಪ್ಪು 0, ಬಿಳಿ 255 ಅನ್ನೋ ಅಳತೇಲಿ ನಡುವಿನದು), ಬಿಳಿ. ಮಲ್ಟಿಪ್ಲೈ ಹಾಕಿದ್ರೆ ಬಿಳಿ ಪಟ್ಟಿ ಮಾಯ ಆಗತ್ತೆ, ಕಪ್ಪು ಹಾಗೇ ಉಳಿಯತ್ತೆ, ಸ್ಕ್ರೀನ್‌ಗೆ ಇದರ ಉಲ್ಟಾ, ಓವರ್‌ಲೇಗೆ ಬೂದು ಪಟ್ಟಿ ಮಾಯ. ಯಾವ ಪಟ್ಟಿ ಹೋಗತ್ತೆ ಹೇಳಿ ಅಂತ ಮೋಡ್ ಬದಲಾಯಿಸೋಕ್ ಮುಂಚೆನೇ ಕೇಳಿ. ಆಮೇಲೆ ಐಡ್ರಾಪರ್ (ಬಣ್ಣದ ನಂಬರ್ ತೋರ್ಸೋ ಟೂಲ್) ಇಟ್ಟು ನಂಬರ್ ಓದ್ಸಿ, 128ರ ಮೇಲೆ 128 ಮಲ್ಟಿಪ್ಲೈ ಆದ್ರೆ 64, ಸ್ಕ್ರೀನ್ ಆದ್ರೆ 192. 255ನ ಒಂದು ಅಂದ್ಕೊಂಡ್ರೆ ಅರ್ಧ ಇಂಟು ಅರ್ಧ ಕಾಲು, ಆ ಹೆಸರು ಯಾಕ್ ಬಂತು ಅಂತ ಅಲ್ಲೇ ಗೊತ್ತಾಗತ್ತೆ.

*

ಪಟ್ಟಿ ಬೇಕು, ಒಪ್ತೀನಿ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಮಕ್ಕಳು ದಿನಾ ನೋಡೋ ವಸ್ತುನೂ ಬೇಕು. ನಾನು ಅಂಗಳದ ರಂಗೋಲಿ ಫೋಟೊ ತಗೊಂಡು ಒಂದು ಸೀರೆ ಬಣ್ಣದ ಮೇಲೆ ಸ್ಕ್ರೀನಲ್ಲಿ ಕೂರಿಸ್ತೀನಿ, ನೆಲ ಕರಗಿ ಬಿಳಿ ಎಳೆ ಮಾತ್ರ ಉಳಿಯತ್ತೆ. ನೆಲ ಪೂರ್ತಿ ಕಪ್ಪಿರಲ್ಲ, ಅದಕ್ಕೆ ಮಬ್ಬು ಮಬ್ಬಾಗಿ ಕಾಣತ್ತೆ, ಮೊದ್ಲು ಲೆವೆಲ್ಸಲ್ಲಿ (ಕಪ್ಪು-ಬಿಳಿ ಹೊಂದಿಸೋ ಟೂಲ್) ನೆಲನ ಕಪ್ಪು ಮಾಡ್ಕೊಳ್ಳಿ. ಮಲ್ಟಿಪ್ಲೈಗೆ ಬಿಳಿ ಹಾಳೆ ಮೇಲಿನ ಪೆನ್ ಚಿತ್ರ ಸ್ಕ್ಯಾನ್ ಮಾಡಿ ಹಾಕಿ, ಹಾಳೆ ಹೋಗಿ ಗೆರೆ ಉಳಿಯೋದು ನೋಡಿ ನಮ್ ಹುಡುಗಿ ಒಬ್ಳು ಇದೇ ಸೀಲು ಹಾಕೋಕೂ ಆಗತ್ತಲ್ಲ ಮಿಸ್ ಅಂದ್ಲು, ನಂಗೆ ಅವತ್ತು ತುಂಬಾ ಖುಷಿಯಾಯ್ತು.

*

ಡಿಫರೆನ್ಸ್ ಮೋಡ್ ಮರೀಬೇಡಿ, ಅದು ಎರಡು ಲೇಯರ್ ನಡುವಿನ ವ್ಯತ್ಯಾಸ ಮಾತ್ರ ತೋರ್ಸತ್ತೆ. ಒಂದೇ ಚಿತ್ರದ ಎರಡು ಕಾಪಿ, ಮೇಲಿನದು ಎರಡು ಪಿಕ್ಸೆಲ್ ಸರಿಸಿ ಇಡಿ, ಅಂಚೆಲ್ಲ ಹೊಳೆಯತ್ತೆ, ಸರಿಯಾಗಿ ಕೂತ ಕ್ಷಣ ಪೂರ್ತಿ ಕಪ್ಪು.

*

ಗಿಂಪ್ (ಉಚಿತ ಫೋಟೊ ಎಡಿಟರ್) ಬಳಸೋದಾದ್ರೆ ಒಂದು ಮಾತು, ಅದರ 2.10 ಆವೃತ್ತಿಯಿಂದ ಮೋಡ್‌ಗಳಲ್ಲಿ ಡೀಫಾಲ್ಟ್, ಲೆಗಸಿ (ಹಳೇದು) ಅಂತ ಎರಡು ಗುಂಪಿದೆ, ಡೀಫಾಲ್ಟಲ್ಲಿ ಮಲ್ಟಿಪ್ಲೈ ಮಾಡಿದ್ರೆ ಮೇಲೆ ಹೇಳಿದ 64 ಬರಲ್ಲ, ಲೆಗಸಿ ಆರಿಸ್ಕೊಳ್ಳಿ. ಹಾಳೇಲಿ ಪ್ರಿಂಟ್ ಕೊಡೋದಿದ್ರೆ ಆರ್‌ಜಿಬಿಲೇ (ಸ್ಕ್ರೀನಿನ ಬಣ್ಣದ ಪದ್ಧತಿ) ಫ್ಲಾಟನ್ ಮಾಡಿ, ಅಂದ್ರೆ ಲೇಯರ್ ಎಲ್ಲ ಒಂದು ಮಾಡಿ, ಆಮೇಲೆ ಸಿಎಂವೈಕೆಗೆ (ಪ್ರಿಂಟಿನ ಬಣ್ಣದ ಪದ್ಧತಿ) ಬದಲಾಯಿಸಿ, ಲೇಯರ್ ಇಟ್ಕೊಂಡೇ ಬದಲಾಯಿಸಿದ್ರೆ ಸ್ಯಾಂಪಲ್ಲೇ ಬೇರೆ ಆಗೋಗತ್ತೆ.