ಅಪ್‌ಡೇಟ್: ಸ್ಟಾಲ್‌ಗೆ ಒಯ್ಯುವ ಪೇಂಟಿಂಗ್‌ಗಳು ಒಂದಕ್ಕೊಂದು ಅಂಟುತ್ತಿದ್ದ ಸಮಸ್ಯೆ
ಮೇಳದಲ್ಲಿ ಮಾರಲು ಮಾಡಿದ್ದ ಅಕ್ರಿಲಿಕ್ ಮತ್ತು ಕೊಲಾಜ್ ಚಿತ್ರಗಳು ಪ್ಯಾಕ್ ಮಾಡಿದರೆ ಅಂಟಿಕೊಳ್ಳುತ್ತಿವೆ ಎಂದು ಕೇಳಿದ್ದೆನಲ್ಲ, ಮೇಳ ಮುಗಿಯಿತು. ಒಂದು ಚಿತ್ರವೂ ಹಾಳಾಗಲಿಲ್ಲ!

ಕೆಲಸಕ್ಕೆ ಬಂದದ್ದು ಸಿಲಿಕೋನ್ ಲೇಪನದ ಬೇಕಿಂಗ್ ಪೇಪರ್. ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಚಿತ್ರದ ಮೇಲೆ ಒಂದು ಹಾಳೆ, ನಂತರ ರಟ್ಟು. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿ ಜೋಡಿಸಿದೆ, ಭಾರ ಬೀಳಬಾರದು ಅಲ್ವಾ.

ಬಬಲ್ ರ‍್ಯಾಪ್ ಮಾತ್ರ ಬೇಡವೇ ಬೇಡ. ಒಂದು ಹಳೇ ತುಂಡಿನ ಮೇಲೆ ಪರೀಕ್ಷಿಸಿದೆ, ಗುಳ್ಳೆಗಳ ಅಚ್ಚು ಹಾಗೇ ಉಳಿಯಿತು. ಟಾಲ್ಕಂ ಪೌಡರ್ ಸವರಿದರೆ ಗಾಢ ಬಣ್ಣವೆಲ್ಲ ಮಂಕಾಯಿತು.

ನನಗೆ ಗೊತ್ತಿರದಿದ್ದ ಸಂಗತಿ: ಅಕ್ರಿಲಿಕ್ ಒಂದು ಬಗೆಯ ಪ್ಲಾಸ್ಟಿಕ್. ಎಷ್ಟೇ ಒಣಗಿದ್ದರೂ ಬಿಸಿಗೆ ಮೆದುವಾಗುತ್ತದೆ. ಮುಟ್ಟಿದರೆ ಒಣಗಿದೆ ಅನ್ನಿಸುವ ದಪ್ಪ ಪದರ ಒಳಗೆ ಗಟ್ಟಿಯಾಗಲು ವಾರಗಳೇ ಬೇಕು. ಕೊಲಾಜ್ ತುಂಡು ಅಂಟಿಸಲು, ಮೇಲೆ ಸವರಲು ಬಳಸುವ ಅಕ್ರಿಲಿಕ್ ಜೆಲ್‌ನಲ್ಲೂ ಹೊಳೆಯುವುದು ಜಾಸ್ತಿ ಅಂಟುತ್ತದೆ, ಮ್ಯಾಟ್ (ಹೊಳಪಿಲ್ಲದ್ದು) ಕಡಿಮೆ.

ಕೊಂಡವರಿಗೂ ಅದೇ ಹಾಳೆ ಸುತ್ತಿ ಕೊಟ್ಟೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ ಎಂದೂ ಹೇಳಿದೆ.